ಬಾಟ್ ತಪ್ಪು ಹೇಳಿದ್ದು ಯಾಕೆ?

ಗ್ರಾಹಕರಿಗೆ ಉತ್ತರಿಸುವ ನಮ್ಮ ಎಐ ಬಾಟ್ ಒಂದು ದಿನ "30 ದಿನದೊಳಗೆ ಹಣ ವಾಪಸ್" ಎಂದು ಬರೆದುಬಿಟ್ಟಿತ್ತು. ನಿಯಮ ಇದ್ದದ್ದು 15 ದಿನ. ಬಾಟ್‌ನ ಹಿಂದಿರುವ ಎಐ ಮಾಡೆಲ್ ಸುಮ್ನೆ ಏನೋ ಕಟ್ಟಿ ಹೇಳಿದೆ ಅಂದುಕೊಂಡು ಎರಡು ದಿನ ಪ್ರಾಂಪ್ಟ್ (ಅದಕ್ಕೆ ಕೊಡುವ ಸೂಚನೆ) ತಿದ್ದುತ್ತಾ ಕೂತೆ. ಕೊನೆಗೆ ಲಾಗ್ (ಬಾಟ್ ಏನೇನು ಮಾಡಿತೆಂಬ ದಾಖಲೆ) ತೆಗೆದು ನೋಡಿದರೆ, ಬಾಟ್ ಓದುತ್ತಿದ್ದ ಫೋಲ್ಡರ್‌ನಲ್ಲೇ ಹಳೆಯ ನಿಯಮದ ಪಿಡಿಎಫ್ ಬಿದ್ದಿತ್ತು! ಅದನ್ನು ಅಳಿಸಿ, ಇಂಡೆಕ್ಸ್ (ಬಾಟ್ ಉತ್ತರ ಹುಡುಕುವ ಸೂಚಿ) ಹೊಸದಾಗಿ ಮಾಡಿದೆ. ಸರಿಹೋಯಿತು.

ಆದರೆ ಆ ಫೋಲ್ಡರ್ ನೋಡಿಕೊಳ್ಳುವವರು ಯಾರು ಅಂತ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಸಲಿ ತೊಂದರೆ ಅದೇ ಅಲ್ವಾ? 2023ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಹೊರತಂದ ಎಐ ಅಪಾಯ ನಿರ್ವಹಣೆಯ ಚೌಕಟ್ಟು ಕೂಡ ಹೊಣೆ ಯಾರದು ಎಂದು ಗೊತ್ತುಮಾಡಲು ಹೇಳುತ್ತದೆ. ಈಗ ಪ್ರತಿ ಎಐ ಟೂಲ್ ಮುಂದೆ ಒಬ್ಬರ ಹೆಸರಿದೆ. ಹಣದ ಪ್ರಶ್ನೆಗಳು ನೇರ ಮನುಷ್ಯರಿಗೆ ಹೋಗುತ್ತವೆ. ಮಾಡೆಲ್ ಬದಲಾದಾಗಲೆಲ್ಲ 40 ಹಳೆಯ ಪ್ರಶ್ನೆ ಕೇಳಿ ನೋಡುತ್ತೇವೆ. ಬೇಜಾರಿನ ಕೆಲಸವೇ, ಆದರೂ ಕಳೆದ ವಾರ ಎರಡು ತಪ್ಪು ಅಲ್ಲೇ ಸಿಕ್ಕಿದವು.