ನನ್ನ ಇನ್ನೊಂದು ಪುಸ್ತಕ

ನಮ್ಮ ಕೆಲಸದಲ್ಲಿ ಬರೆಯೋದಕ್ಕೇನೂ ಕೊರತೆ ಇಲ್ಲ. ಹಾಜರಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಪಾಠ ಯೋಜನೆ, ಪ್ರಗತಿ ನೋಟ. ಅದೆಲ್ಲ ಆದಮೇಲೆ ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ಮಾಹಿತಿ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಇಂದೀಕರಣ. ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ನಮ್ಮ ಬಾಯಲ್ಲಿ ಸಿಆರ್‌ಪಿ, ಬಂದರೆ ಮಕ್ಕಳಿಗಿಂತ ಮೊದಲು ಪುಸ್ತಕಗಳನ್ನು ಕೇಳುತ್ತಾರೆ. ಇಷ್ಟರ ಮೇಲೆ ಮನೆಗೆ ಹೋಗಿ ಇನ್ನೊಂದು ಪುಸ್ತಕ ಬರೀತೀನಿ ಅಂದರೆ ಜೊತೆಯವರು ನಗುತ್ತಾರೆ. "ನಿಮಗೆ ಬೇರೆ ಕೆಲಸ ಇಲ್ವಾ ಮೇಡಂ?" ಬೇಕಾದಷ್ಟಿದೆ. ಆದರೂ ಬರೆಯುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಒಂದು ಹಾವಿನ ಕಥೆ ಹೇಳಬೇಕು.

ನಾನಿರುವುದು ಮೂಡಿಗೆರೆ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ. ಕಾರ್ಡುಗಳನ್ನು ಇಟ್ಟುಕೊಂಡು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿಕಲಿ ತರಗತಿ ನನ್ನದು. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ. ಸುತ್ತ ಕಾಫಿ ತೋಟ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾಯಿತೆಂದರೆ ಉತ್ತರ ಕರ್ನಾಟಕದ ಕಡೆಯಿಂದ ಸಂಸಾರಗಳು ಬಂದು ಲೈನ್ ಮನೆಗಳಲ್ಲಿ ಇಳಿಯುತ್ತವೆ. ಅವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಕೊಯ್ಲು ಮುಗಿದರೆ ಹೊರಟುಹೋಗುತ್ತಾರೆ. ಟಿಸಿ ಗಿಸಿ ಏನೂ ಕೇಳುವುದಿಲ್ಲ. ಶನಿವಾರ ಬಂದ ಮಗು ಸೋಮವಾರ ಬರುವುದಿಲ್ಲ, ಅಷ್ಟೆ.

ಮೊದಮೊದಲು ನಾನು ಬರೆಯುತ್ತಿದ್ದುದನ್ನು ಈಗ ಓದಿದರೆ ನನಗೇ ನಾಚಿಕೆ. ಮಕ್ಕಳೆಲ್ಲ ಮುಗ್ಧ ಮೊಗ್ಗುಗಳು, ನಾನು ತೋಟದ ಮಾಲಿ! ಪುಟಗಟ್ಟಲೆ ಹೀಗೇ. ಮೊಗ್ಗು ಪಕ್ಕದ ಮೊಗ್ಗಿಗೆ ಪೆನ್ಸಿಲ್ಲಿನಿಂದ ಚುಚ್ಚಿದ್ದು, ಊಟಕ್ಕೆ ಮುಂಚೆ ನಾನು ಸಿಟ್ಟಿಗೆದ್ದು ಕೂಗಿದ್ದು, ಇವೆಲ್ಲ ಎಲ್ಲೂ ಇಲ್ಲ.

ಆಮೇಲೆ ಫೇಸ್‌ಬುಕ್ ಬಂತು. ಮಕ್ಕಳ ತಮಾಷೆ ಬರೆದು ಹಾಕಿದರೆ ಲೈಕು ಜಾಸ್ತಿ. ಒಂದು ಜನವರಿಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು 'ಹಾವು' ಅನ್ನುವ ಪದವನ್ನು 'ಹಾಮ' ಎಂದು ಓದಿದಳು. ಗಟ್ಟಿಯಾಗಿ, ಯಾವ ಅನುಮಾನವೂ ಇಲ್ಲದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ನಾಲ್ಕು ಸಾಲು ಬರೆದು ಹಾಕಿದೆ. ಹೆಸರು ಹಾಕಿರಲಿಲ್ಲ. ಆದರೆ ಅವಳ ತೋಟದ ಲೆಕ್ಕ ಬರೆಯುವ ರೈಟ್ರ ಮನೆಯ ಹುಡುಗ ನನ್ನ ಫೇಸ್‌ಬುಕ್ ಸ್ನೇಹಿತರಲ್ಲಿ ಒಬ್ಬ. ಆ ಶಾಲೆ, ಆ ತರಗತಿ, ಆ ವಾರ ಅಂದಮೇಲೆ ಹೆಸರು ಯಾಕೆ ಬೇಕು? ಎರಡೇ ದಿನದಲ್ಲಿ ಲೈನ್ ಮನೆಯ ಹುಡುಗರೆಲ್ಲ ಅವಳನ್ನು ಕಂಡರೆ "ಹಾಮ ಬಂತು, ಹಾಮ ಬಂತು" ಅನ್ನತೊಡಗಿದರು.

ಅವಳು ಅಳಲಿಲ್ಲ. ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದಳು. ಕಾರ್ಡ್ ಕೊಟ್ಟರೆ ಬೆರಳಿಟ್ಟು ತುಟಿ ಅಲ್ಲಾಡಿಸುತ್ತಾಳೆ, ಸದ್ದಿಲ್ಲ.

ಬರೆದದ್ದನ್ನು ಅಳಿಸಿದೆ. ಅದರಿಂದ ಏನೂ ಆಗಲಿಲ್ಲ. ಆ ರಾತ್ರಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತೆಗೆದು, ಆದದ್ದನ್ನು ಆದ ಹಾಗೆ ಪೆನ್ನಿನಲ್ಲಿ ಬರೆಯುತ್ತಾ ಕೂತೆ. 'ಹಾವು' ಎಂದು ಬರೆಯುವಾಗ ಕೈ ನಿಂತಿತು. ವ ಬರೆದು ಕೊಂಬು ಎಳೆಯುವಾಗ ಅದನ್ನು ಬೇರೆ ಅಕ್ಷರಗಳಿಗೆ ಹಾಕಿದಂತೆ ಪಕ್ಕಕ್ಕೆ ಅಂಟಿಸುವುದಿಲ್ಲ, ಕೆಳಗಿನಿಂದ ಎಳೆಯುತ್ತೇವೆ. ಗು, ದು, ಸು ಎಲ್ಲ ಪಕ್ಕದಲ್ಲೇ. ಪು, ವು ಹಾಗಲ್ಲ. ವ ಅಕ್ಷರಕ್ಕೆ ಪಕ್ಕದಲ್ಲಿ ಹಾಕಿದರೆ ಅದು ಮ ಆಗಿಬಿಡುತ್ತದೆ. ಮ ಕಲಿಸುವ ದಿನ "ವ ಪಕ್ಕ ಒಂದು ಕೊಕ್ಕೆ ಹಾಕಿ, ಮ ಆಯ್ತು" ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನೇ. ಆ ಮಗು ನಾನು ಹೇಳಿಕೊಟ್ಟದ್ದನ್ನು ತಪ್ಪದೆ ಪಾಲಿಸಿತ್ತು. ವ ಇದೆ, ಕೊಕ್ಕೆ ಇದೆ, ಮ.

ಫೋನಿನಲ್ಲಿ ಅದೇ ಪದ ಬರೆದಿದ್ದೆನಲ್ಲ, ಆಗ ಇದು ಹೊಳೆದಿರಲಿಲ್ಲ. ಅಲ್ಲಿ ವ ಒತ್ತಿ ಕೊಂಬು ಒತ್ತಿದರೆ ಅದೇ ಸರಿಯಾದ ಜಾಗದಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಈಗ ಮೊದಲು ಬರೆಯುವುದು ಕೈಯಲ್ಲೇ.

ಕೈಬರಹದ ಮೇಲೆ ನಂಬಿಕೆ ಬರಲು ಇನ್ನೊಂದು ಕಾರಣವೂ ಇದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೇ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ನಾಲ್ಕು ವರ್ಷ ಟೈಪ್ ಮಾಡಿದ್ದೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ ಗೆರೆ. ಯೂನಿಕೋಡ್‌ಗೆ ಬದಲಿಸುವ ದಾರಿ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ಫೈಲು ಕಳೆದುಕೊಂಡಿದ್ದೆ. ಹೋದವುಗಳಲ್ಲಿ ಮೊಗ್ಗು, ಮಾಲಿಗಳೇ ಜಾಸ್ತಿ. ಹೋಗಲಿ ಬಿಡಿ.

ಈಗ ಬರೆಯುವ ರೀತಿ ಸುಲಭ. ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ. ದಿನಕ್ಕೆ ಒಂದೇ ಮಗು, ಒಂದೇ ಘಟನೆ. ಮಗು ಹೇಳಿದ ಮಾತನ್ನು ಅದು ಹೇಳಿದ ಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ. ಹೆಸರು ಬರೆಯುವುದಿಲ್ಲ. 'ಎಡಗೈ', 'ಹರಿದ ಛತ್ರಿ', 'ಪೇರಳೆ' ಹೀಗೆ ಏನಾದರೊಂದು ಗುರುತು. ಮನೆಯ ವಿಷಯ, ಅಪ್ಪನ ಕುಡಿತ, ಅಮ್ಮನ ಜಗಳ, ಇವು ಕಿವಿಗೆ ಬೀಳುತ್ತವೆ, ಪುಸ್ತಕಕ್ಕೆ ಬರುವುದಿಲ್ಲ. ಅದು ಅವರದ್ದು. ಜೊತೆಯ ಶಿಕ್ಷಕರಿಗೆ ಓದಿ ಹೇಳುವುದಾದರೆ ಕನಿಷ್ಠ ಒಂದು ವರ್ಷ ಕಳೆದಿರಬೇಕು. ತಪ್ಪು ನನ್ನದಾಗಿದ್ದರೆ ಮಾತ್ರ ಅವತ್ತೇ ಹೇಳುತ್ತೇನೆ.

ಮಗು ಹೇಳಿದ ಹಾಗೇ ಬರೆಯುತ್ತೇನೆ ಅಂದೆನಲ್ಲ, ಅದರಿಂದ ಆದ ಲಾಭ ದೊಡ್ಡದು. ಹೊಸದಾಗಿ ಬಂದ ಹುಡುಗನೊಬ್ಬನಿಗೆ ಮೊಟ್ಟೆಯ ಚಿತ್ರ ತೋರಿಸಿದೆ. "ತತ್ತಿ" ಅಂದ. ನಾನು ತಲೆ ಆಡಿಸಿ "ಮೊಟ್ಟೆ" ಅಂದೆ. ಅವನೂ ತಲೆ ಆಡಿಸಿ, ನನಗೆ ಪಾಠ ಮಾಡುವವನಂತೆ, "ತತ್ತಿ ರೀ ಅಕ್ಕೋರೆ" ಅಂದ. ನಮ್ಮ ಕಡೆ ಮಿಸ್, ಟೀಚರ್ ಅಂತಾರೆ, ಅಕ್ಕೋರು ಅನ್ನುವುದು ಅವರ ಕಡೆಯ ಮಾತು. ಎಲ್ಲ ನಕ್ಕರು. ಈ ಸಲ ನಾನು ನಗಲಿಲ್ಲ. ಆದರೆ ಅವನ ಉತ್ತರವನ್ನು ತಪ್ಪು ಅಂತಲೇ ಲೆಕ್ಕ ಹಿಡಿದಿದ್ದೆ. ಸಂಜೆ ಬಸ್ ನಿಲ್ದಾಣದಲ್ಲಿ 'ತತ್ತಿ' ಎಂದು ಬರೆದು ನೋಡಿದೆ. ಪ್ರಶ್ನೆ ಕನ್ನಡದ್ದು, ಉತ್ತರವೂ ಕನ್ನಡದ್ದೇ. ತಪ್ಪೆಲ್ಲಿ? ಪುಸ್ತಕದ ಕೊನೆಯಲ್ಲಿ ಈಗ ಅಂಥ ಪದಗಳಿಗೇ ಒಂದಷ್ಟು ಹಾಳೆ ಬಿಟ್ಟಿದ್ದೇನೆ. ನಮ್ಮ ಈರುಳ್ಳಿ ಅವರ ಉಳ್ಳಾಗಡ್ಡಿ, ನಮ್ಮ ಪಾತ್ರೆ ಅವರ ಬಾಂಡೆ, ನಮ್ಮ ಆಸ್ಪತ್ರೆ ಅವರ ದವಾಖಾನಿ, ಶಾಲೆ ಸಾಲಿ. ಆ ಹುಡುಗ ಬಿಸಿಯೂಟದ ಹೊತ್ತಿಗೆ ಮಲೆನಾಡಿನ ಮಕ್ಕಳಿಗೂ ತತ್ತಿ ಕಲಿಸಿಬಿಟ್ಟಿದ್ದ. ಒಂದು ವಾರ ಎಲ್ಲರ ಬಾಯಲ್ಲೂ ತತ್ತಿಯೇ.

ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದಾಗ ಕಾರ್ಡುಗಳನ್ನು ಕೂತು ಬರೆದವರಲ್ಲಿ ತರಗತಿಯ ಶಿಕ್ಷಕರೇ ಇದ್ದರು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡಿದ್ದರು. 2009ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಬಂತು. ನಮಗೆ ಕಾರ್ಡು ಅಚ್ಚಾಗಿಯೇ ಬಂದವು. ಅನುಕೂಲ ಆಯಿತು, ಇಲ್ಲ ಅನ್ನಲ್ಲ. ಆದರೆ ಬರೆಯುವ ಕೆಲಸ ಕೈತಪ್ಪಿದಾಗ ಆ ಶಿಕ್ಷಕರ ಹಾಗೆ ಮಗುವನ್ನು ನೋಡುವ ಅಭ್ಯಾಸವೂ ಸ್ವಲ್ಪ ಕೈತಪ್ಪಿತು ಅಂತ ನನಗನಿಸುತ್ತದೆ. ನನ್ನ ನೋಟ್‌ಬುಕ್ಕು ಅದರ ಮುಂದೆ ಏನೂ ಅಲ್ಲ, ಅರ್ಧ ಪುಟದ ಗೀಚಾಟ. ಆದರೂ ಪ್ರಗತಿ ನೋಟದಲ್ಲಿ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದಿರುತ್ತದೆ. ಯಾಕೆ ನಿಂತಿದೆ ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ.

ಹಾಮ ಎಂದು ಓದಿದ ಹುಡುಗಿ ಆ ವರ್ಷ ಫೆಬ್ರವರಿ ಕೊನೆಯಲ್ಲಿ ಹೊರಟುಹೋದಳು. ನಾನು ಎಷ್ಟು ಪ್ರಯತ್ನಿಸಿದರೂ ಸದ್ದು ತೆಗೆದು ಓದಿರಲಿಲ್ಲ. ಹೋದಮೇಲೆ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರು, ಗೈರು, ಗೈರು.

ಮುಂದಿನ ಡಿಸೆಂಬರ್‌ನಲ್ಲಿ ಅದೇ ತೋಟಕ್ಕೆ ಅದೇ ಸಂಸಾರ ಬಂತು. ಒಂದು ಗೇಣು ಉದ್ದ ಆಗಿದ್ದಳು, ತಮ್ಮನನ್ನೂ ಕರೆದುಕೊಂಡು ಬಂದಿದ್ದಳು. ನಡುವೆ ಹತ್ತು ತಿಂಗಳು ಯಾವ ಸಾಲಿ, ಎಷ್ಟು ದಿನ ಅಂತ ಅವಳಿಗೂ ಸರಿಯಾಗಿ ಹೇಳಲು ಬರಲಿಲ್ಲ. ರಾತ್ರಿ ಹಳೇ ನೋಟ್‌ಬುಕ್ ತೆಗೆದು ಆ ಪುಟ ಓದಿಕೊಂಡೆ. ಮಾರನೇ ದಿನ ಬೇರೆಯವರು ಚಪ್ಪರಕ್ಕೆ, ಅಂದರೆ ತರಗತಿಯಲ್ಲಿ ತಲೆ ಮೇಲೆ ಕಟ್ಟಿದ ದಾರಗಳಿಗೆ, ಚಿತ್ರ ಕಟ್ಟುತ್ತಿದ್ದಾಗ ಅವಳೊಬ್ಬಳನ್ನೇ ಬೋರ್ಡಿನ ಹತ್ತಿರ ಕರೆದೆ. ದೊಡ್ಡದಾಗಿ ವ ಬರೆದೆ. ಪಕ್ಕದಲ್ಲೇ ಇನ್ನೊಂದು ವ. ಒಂದಕ್ಕೆ ಕೊಕ್ಕೆ ಪಕ್ಕದಿಂದ, ಇನ್ನೊಂದಕ್ಕೆ ಕೆಳಗಿನಿಂದ.

"ಹೋದ ವರ್ಷ ನಾನು ಇದನ್ನು ಸರಿಯಾಗಿ ಹೇಳಿಕೊಟ್ಟಿರಲಿಲ್ಲ" ಅಂದೆ.

ಅವಳು ಎರಡನ್ನೂ ಸ್ವಲ್ಪ ಹೊತ್ತು ನೋಡಿದಳು. ಸೀಮೆಸುಣ್ಣ ತಗೊಂಡು ಎರಡನೆಯದರ ಹಿಂದೆ 'ಹಾ' ಬರೆದಳು. ಓದಲಿಲ್ಲ. ನನ್ನ ಕಡೆ ತಿರುಗಿ, ಕೈಯನ್ನು ಹೆಡೆ ಮಾಡಿ ತೋರಿಸಿದಳು.