ಒಮಿಕ್ರಾನ್ ಬಂದಾಗ ನಮ್ಮ ಪ್ಲೇಟುಗಳಲ್ಲಿ ಕಂಡದ್ದು

2021ರ ಡಿಸೆಂಬರ್ 2ರಂದು ಕೊರೊನಾ ವೈರಸ್ಸಿನ ಹೊಸ ತಳಿ ಒಮಿಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಫ್ರೀಜರಿನಲ್ಲಿದ್ದ ಸೀರಮ್‌ಗಳು (ರಕ್ತದಿಂದ ಬೇರ್ಪಡಿಸಿದ, ಆಂಟಿಬಾಡಿಗಳಿರುವ ದ್ರವ) ಇದನ್ನು ತಡೆಯುತ್ತವೆಯೇ ಎಂಬುದೊಂದೇ ಆಗ ನಮ್ಮ ಲ್ಯಾಬಿನ ಮಾತು.

ಜೀವಂತ ವೈರಸ್ ಬೆಳೆಸುವ ಸೌಲಭ್ಯ ನಮ್ಮಲ್ಲಿರಲಿಲ್ಲ. ಹುಸಿ ವೈರಸ್ ಕಟ್ಟಿಕೊಂಡೆವು: ಮರಿ ಹಾಕಲಾಗದ ಬೇರೊಂದು ವೈರಸ್ಸಿಗೆ ಒಮಿಕ್ರಾನ್ ಸ್ಪೈಕ್, ಅಂದರೆ ಅದರ ಮೈಮೇಲಿನ ಮುಳ್ಳಿನಂಥ ಪ್ರೋಟೀನ್, ತೊಡಿಸಿದ್ದು. ಅದು ಜೀವಕೋಶದ ಒಳಹೊಕ್ಕರೆ ಬೆಳಕು ಬರುತ್ತದೆ, ಆಂಟಿಬಾಡಿ ತಡೆದರೆ ಕತ್ತಲೆ. ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಪ್ಲೇಟಿನ ಪ್ರತಿ ವೆಲ್ಲಿಗೂ (ಪುಟ್ಟ ಗುಳಿ) ಅರ್ಧರ್ಧ ಡೈಲ್ಯೂಟ್ ಮಾಡುತ್ತ ಹೋಗಿ, ವೈರಸ್ ಜೊತೆ ಒಂದು ಗಂಟೆ ಬಿಟ್ಟು, ಕೋಶಗಳ ಮೇಲೆ ಸುರಿಯುವುದು. ಎರಡು ದಿನ ಬಿಟ್ಟು ಬೆಳಕು ಅಳೆಯುವುದು. ಒಂದೇ ಪ್ಲೇಟಿನಲ್ಲಿ ಹಳೆಯ ತಳಿ, ಡೆಲ್ಟಾ, ಒಮಿಕ್ರಾನ್ ಮೂರನ್ನೂ ಇಟ್ಟಿದ್ದೆ. ಬೇರೆ ಬೇರೆ ದಿನದ ಪ್ಲೇಟುಗಳನ್ನು ಹೋಲಿಸಿದರೆ ನನಗೇ ನಂಬಿಕೆ ಬರುವುದಿಲ್ಲ.

ಎರಡು ಡೋಸ್ ಪಡೆದು ತಿಂಗಳುಗಳಾಗಿದ್ದವರ ಸೀರಮ್ ಹಳೆಯ ತಳಿಯನ್ನು ಚೆನ್ನಾಗಿಯೇ ತಡೆಯಿತು, ಡೆಲ್ಟಾ ಎದುರು ತುಸು ಸೋತಿತು. ಒಮಿಕ್ರಾನ್ ಸಾಲಿನಲ್ಲಿ ಮಾತ್ರ ಹೆಚ್ಚಿನವರದು ಸೀರಮ್ ಅತಿ ಗಟ್ಟಿಯಿದ್ದ ಮೊದಲ ವೆಲ್ಲಿನಿಂದಲೇ ಬೆಳಕು! ಲಸಿಕೆ ಇಲ್ಲದೆ ಡೆಲ್ಟಾ ಬಂದು ಹೋದವರದೂ ಅದೇ ಕಥೆ. ಸೋಂಕೂ ಆಗಿ ಲಸಿಕೆಯೂ ಪಡೆದವರ ಸೀರಮ್ ಮಾತ್ರ ಒಂದಷ್ಟು ತಡೆದು ನಿಂತಿತು. ಸ್ಪೈಕಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆ. ಅವುಗಳಲ್ಲಿ ಸುಮಾರು 15, ವೈರಸ್ ನಮ್ಮ ಕೋಶಕ್ಕೆ ಅಂಟಿಕೊಳ್ಳುವ ಭಾಗದಲ್ಲೇ. ಒಳ್ಳೊಳ್ಳೆಯ ಆಂಟಿಬಾಡಿಗಳು ಹಿಡಿಯುತ್ತಿದ್ದುದೂ ಅಲ್ಲೇ.

"ಹಾಗಾದ್ರೆ ಲಸಿಕೆ ವೇಸ್ಟಾ ಮೇಡಂ?" ಎಂದು ಕ್ಯಾಂಟೀನಿನವರೂ ಕೇಳಿದರು. ಅಲ್ಲ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಟಿ ಕೋಶ ನಮ್ಮ ಪ್ಲೇಟಿಗೆ ಕಾಣುವುದೇ ಇಲ್ಲ. ಅವು ಸ್ಪೈಕಿನ ಚೂರುಗಳನ್ನು ಗುರುತಿಸುತ್ತವೆ, ಆ ಚೂರುಗಳಲ್ಲಿ ಬಹುಪಾಲು ಬದಲಾಗಿರಲಿಲ್ಲ. ಸೋಂಕು ತಗಲಿದರೂ ಕಾಯಿಲೆ ತೀವ್ರವಾಗದಂತೆ ನೋಡಿಕೊಳ್ಳುವುದರಲ್ಲಿ ಅವುಗಳ ಪಾಲು ದೊಡ್ಡದು. ಆಂಟಿಬಾಡಿ ತಯಾರಿಗೆ ಕಾರಣವಾಗುವ ನೆನಪಿನ ಬಿ ಕೋಶಗಳೂ ತಿಂಗಳುಗಟ್ಟಲೆ ಮಾಗುತ್ತಲೇ ಇರುತ್ತವೆ. ಮೂರನೇ ಡೋಸ್ ಹಳೆಯ ಸ್ಪೈಕಿನದೇ ಆದರೂ, ಆಮೇಲೆ ತೆಗೆದ ಸೀರಮ್ ಒಮಿಕ್ರಾನನ್ನು ಮೊದಲಿಗಿಂತ ಚೆನ್ನಾಗಿ ತಡೆಯುವುದು ಇದರಿಂದಲೇ.

ಅದಕ್ಕೇ 2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಎಂಬ ಹೆಸರಿನಲ್ಲಿ ಈ ಮೂರನೇ ಡೋಸ್ ಶುರುವಾದಾಗ, ಸಕ್ಕರೆ ಕಾಯಿಲೆಯಿದ್ದ ಅಪ್ಪನಿಗೆ ಸರದಿ ಬಂದ ಕೂಡಲೇ ಹಾಕಿಸಿದೆ. ಆಂಟಿಬಾಡಿ ಟೆಸ್ಟ್ ಮಾಡಿಸೋಣವೇ ಎಂದು ಅವರು ಕೇಳಿದ್ದಕ್ಕೆ ಬೇಡವೆಂದೆ. ಆಗ ಸಿಗುತ್ತಿದ್ದ ಕಿಟ್‌ಗಳು ಅಳೆಯುತ್ತಿದ್ದುದು ಹಳೆಯ ತಳಿಗೆ ಅಂಟುವ ಆಂಟಿಬಾಡಿಯನ್ನು. ಅದರಲ್ಲಿ ಎಷ್ಟು ದೊಡ್ಡ ಅಂಕಿ ಬಂದರೂ ಒಮಿಕ್ರಾನ್ ಬಗ್ಗೆ ಏನೂ ಹೇಳುತ್ತಿರಲಿಲ್ಲ.