ಸ್ಟೇಷನ್ನಿನ ಬಿಟ್ಟಿ ವೈಫೈ: ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬೇಡ

ದಾವಣಗೆರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಫೋನಿನ ವೈಫೈ ಆನ್ ಮಾಡಿದರೆ ನಾಲ್ಕಾರು ಹೆಸರು ಕಾಣುತ್ತವೆ. ರೈಲ್‌ಟೆಲ್ ಸಂಸ್ಥೆ ಸ್ಟೇಷನ್‌ಗಳಲ್ಲಿ ಕೊಡುವ ಸೇವೆಯ ಹೆಸರು ರೈಲ್‌ವೈರ್. ಆದರೆ ಪಕ್ಕದ ಬೆಂಚಿನವರೂ ತಮ್ಮ ಹಾಟ್‌ಸ್ಪಾಟ್‌ಗೆ ಅದೇ ಹೆಸರಿಡಬಹುದು. ಪಾಸ್‌ವರ್ಡ್ ಇಲ್ಲದ ವೈಫೈ ವಿಷಯದಲ್ಲಿ ನಿಮ್ಮ ಫೋನು ಹೆಸರು ನೋಡಿ ನಂಬುತ್ತದೆ, ಅಷ್ಟೆ.

ಇವತ್ತಿನ ದೊಡ್ಡ ಅಪಾಯ ಇದೇ, ಕದ್ದು ಕೇಳುವುದಲ್ಲ. 2010ರಲ್ಲಿ ಫೈರ್‌ಶೀಪ್ ಎಂಬ, ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಶನ್ ಬಂದಾಗ ಅದೇ ವೈಫೈಯಲ್ಲಿದ್ದವರ ಫೇಸ್‌ಬುಕ್ ಖಾತೆಗೆ ಯಾರು ಬೇಕಾದರೂ ನುಗ್ಗಬಹುದಿತ್ತು. ಈಗ ಬಹುತೇಕ ಸೈಟುಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ನಲ್ಲಿವೆ. ನೀವು ಯಾವ ಸೈಟಿಗೆ ಹೋದಿರಿ ಎಂಬುದು ಗೊತ್ತಾದೀತು, ಅಲ್ಲಿ ಟೈಪ್ ಮಾಡಿದ್ದು ಗೊತ್ತಾಗದು. ಹಾಗಾಗಿ ಕಳ್ಳರು ಲಾಗಿನ್ ಪುಟಕ್ಕೇ ಬಲೆ ಹಾಕುತ್ತಾರೆ.

ರೈಲ್‌ವೈರ್‌ಗೆ ಲಾಗಿನ್ ಆಗಲು ಮೊಬೈಲ್ ನಂಬರು, ಅದಕ್ಕೆ ಬರುವ ಒಟಿಪಿ ಸಾಕು. ಜಿಮೇಲ್ ಪಾಸ್‌ವರ್ಡ್, ಆಧಾರ್ ನಂಬರು ಕೇಳಿದರೆ ಅಥವಾ ‘ಈ ಆ್ಯಪ್ ಹಾಕಿಕೊಳ್ಳಿ’ ಎಂದರೆ ಅಲ್ಲಿಂದ ಹೊರಬನ್ನಿ. ಒಟಿಪಿ ಬಂದಾಗ ಅಂಕಿ ಮಾತ್ರವಲ್ಲ, ಇಡೀ ಎಸ್‌ಎಂಎಸ್ ಓದಿ. ಅದು ವಾಟ್ಸ್‌ಆ್ಯಪ್‌ನಿಂದಲೋ ಬ್ಯಾಂಕಿನಿಂದಲೋ ಬಂದಿದ್ದರೆ, ನಿಮ್ಮ ನಂಬರು ಹಾಕಿ ಯಾರೋ ಬೇರೆ ಕಡೆ ಲಾಗಿನ್ ಆಗುತ್ತಿದ್ದಾರೆ ಎಂದರ್ಥ.

ಲಾಗಿನ್ ಪುಟವೇ ತೆರೆಯದಿದ್ದರೆ ಕಾರಣ ಸಾಮಾನ್ಯವಾಗಿ ವಿಪಿಎನ್ (ನಿಮ್ಮ ಇಂಟರ್ನೆಟ್ಟನ್ನು ಬೇರೊಬ್ಬರ ಸರ್ವರ್ ಮೂಲಕ ಗುಟ್ಟಾಗಿ ಕಳಿಸುವ ಆ್ಯಪ್) ಅಥವಾ ಸೈಟಿನ ವಿಳಾಸ ಹುಡುಕುವುದನ್ನು ಗುಟ್ಟಾಗಿಡುವ ಫೋನಿನ ಸೆಟ್ಟಿಂಗ್ ಆದ ಪ್ರೈವೇಟ್ ಡಿಎನ್‌ಎಸ್. ಎರಡನ್ನೂ ಆಫ್ ಮಾಡಿ, ಲಾಗಿನ್ ಆದಮೇಲೆ ಮತ್ತೆ ಆನ್ ಮಾಡಿ. ಲಾಗಿನ್‌ಗೆ ಮುಂಚೆ ಬ್ರೌಸರ್ ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) ಎಚ್ಚರಿಕೆ ತೋರಿಸುವುದುಂಟು. ‘ಪರವಾಗಿಲ್ಲ, ಮುಂದುವರಿ’ ಎಂದು ಒತ್ತದೆ ಹಿಂದೆ ಬನ್ನಿ. ಲಾಗಿನ್ ಆದಮೇಲೂ ಅದೇ ಎಚ್ಚರಿಕೆ ಬಂದರೆ ಫೋನಿನ ದಿನಾಂಕ ಸರಿಯಿದೆಯೇ ನೋಡಿ. ಸರಿಯಿದ್ದರೆ ಆ ವೈಫೈ ಬಿಟ್ಟುಬಿಡಿ.

ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಕಂಡಿತೆಂದು ನೆಮ್ಮದಿ ಬೇಡ. ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಮೋಸಗಾರರಿಗೂ. ನೋಡಬೇಕಾದ್ದು ವಿಳಾಸ: ಆರ್‌ಬಿಐ ಸೂಚನೆಯ ಪ್ರಕಾರ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕಿತ್ತು.

ಮಂಡಕ್ಕಿ ಮಿರ್ಚಿ ತಿನ್ನುತ್ತಾ ಸ್ಕೋರ್ ನೋಡಲು, ಪೇಪರ್ ಓದಲು ಬಿಟ್ಟಿ ವೈಫೈ ಧಾರಾಳವಾಗಿ ಬಳಸಿ. ಫೋನ್‌ಪೇ, ನೆಟ್‌ಬ್ಯಾಂಕಿಂಗ್‌ಗೆ ಮಾತ್ರ ವೈಫೈ ಆಫ್ ಮಾಡಿ ಮೊಬೈಲ್ ಡೇಟಾಕ್ಕೆ ಬನ್ನಿ. ಒಂದು ಪೇಮೆಂಟಿಗೆ ಖರ್ಚಾಗುವ ಡೇಟಾ ಅತ್ಯಲ್ಪ. ಲ್ಯಾಪ್‌ಟಾಪಿಗೂ ಸ್ವಂತ ಹಾಟ್‌ಸ್ಪಾಟೇ ಲೇಸು. ಸ್ಟೇಷನ್ ವೈಫೈಯೇ ಬೇಕೆಂದರೆ ವಿಂಡೋಸ್‌ನಲ್ಲಿ ‘ಪಬ್ಲಿಕ್ ನೆಟ್‌ವರ್ಕ್’ ಆರಿಸಿ, ಆಗ ನಿಮ್ಮ ಫೈಲುಗಳು ಉಳಿದವರಿಗೆ ಕಾಣುವುದಿಲ್ಲ. ಯಾರದೆಂದೇ ತಿಳಿಯದ ಉಚಿತ ವಿಪಿಎನ್ ಹಾಕಿಕೊಳ್ಳುವುದು ಸ್ಟೇಷನ್ನಿನವರ ಬದಲು ಇನ್ನೊಬ್ಬ ಅಪರಿಚಿತನನ್ನು ನಂಬಿದ ಹಾಗೆ. ಬೆಣ್ಣೆ ದೋಸೆ ಹೋಟೆಲಿನ ಗೋಡೆಗೆ ಅಂಟಿಸಿದ ಪಾಸ್‌ವರ್ಡೂ ರಕ್ಷಣೆಯಲ್ಲ, ಅದು ಎಲ್ಲರಿಗೂ ಗೊತ್ತು.

ಹೊರಡುವಾಗ ವೈಫೈ ಪಟ್ಟಿಯಲ್ಲಿ ಆ ಹೆಸರಿನ ಪಕ್ಕದ ಗುರುತು ಒತ್ತಿ ‘ಫರ್ಗೆಟ್’ ಕೊಡಿ. ಇಲ್ಲದಿದ್ದರೆ ಮುಂದೆ ಎಲ್ಲೇ ಅದೇ ಹೆಸರಿನ ಓಪನ್ ವೈಫೈ ಕಂಡರೂ, ಜೇಬಿನಲ್ಲಿದ್ದ ಫೋನು ತಾನಾಗಿ ಸೇರಿಕೊಳ್ಳುತ್ತದೆ.

ಹಣ ಹೋಯಿತೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ವ್ಯವಹಾರದ ಯುಟಿಆರ್ ನಂಬರು (ಆ ವರ್ಗಾವಣೆಯ ಗುರುತಿನ ಸಂಖ್ಯೆ), ಮೊತ್ತ, ಸಮಯ ಕೈಯಲ್ಲಿರಲಿ. ಪಾಸ್‌ವರ್ಡ್ ಬದಲಿಸುವುದನ್ನು ಮೊಬೈಲ್ ಡೇಟಾದಲ್ಲೇ ಮಾಡಿ.